ಅವಲಂಬನೆಯ ಲೆಕ್ಕ

ಹಿಂದೆ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೊಂದು ಚೀಟಿ ಇರುತ್ತಿತ್ತು. ಆ ಚೀಟಿಯಲ್ಲಿ ಲೇಖಕರ ವಿಳಾಸವನ್ನೂ ಬರೆದಿಟ್ಟೆವೆನ್ನಿ. ಹತ್ತು ಪುಸ್ತಕ ಬರೆದವರು ಮನೆ ಬದಲಿಸಿದರೆ ಹತ್ತು ಚೀಟಿಗಳನ್ನೂ ತಿದ್ದಬೇಕು. ಒಂದು ತಪ್ಪಿದರೂ ಒಬ್ಬರಿಗೆ ಎರಡು ವಿಳಾಸ. ಒಂದೇ ಪುಸ್ತಕ ಬರೆದವರ ಚೀಟಿಯನ್ನು ತೆಗೆದೆವೋ, ಪುಸ್ತಕದೊಡನೆ ಲೇಖಕರ ಗುರುತೂ ಅಳಿಯಿತು. ವಿಳಾಸವು ಅವಲಂಬಿಸಿದ್ದು ಲೇಖಕರನ್ನು; ನಾವು ಅದನ್ನು ಕಟ್ಟಿದ್ದು ಪುಸ್ತಕಕ್ಕೆ. ಗಣಕಯಂತ್ರದ ಬೃಹತ್ ದತ್ತಸಂಚಯಗಳನ್ನು ಕಾಡುವ ತೊಡಕಿನ ಬೀಜ ಇಲ್ಲಿಯೇ ಇದೆ.

ಈ ತೊಡಕನ್ನು ಶಾಸ್ತ್ರೀಯವಾಗಿ ಬಿಡಿಸಿದವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಅಮೆರಿಕದ ಸ್ಯಾನ್ ಹೋಸೆಯ ಐ.ಬಿ.ಎಂ. ಸಂಶೋಧನಾಲಯದಲ್ಲಿದ್ದಾಗ, 1970ರ ಜೂನ್‌ನಲ್ಲಿ, ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಪೊಲೊ ನೌಕೆಯ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪುಗೊಂಡ ಐ.ಎಂ.ಎಸ್.ನಂತಹ ಅಂದಿನ ವ್ಯವಸ್ಥೆಗಳಲ್ಲಿ ಮಾಹಿತಿಯು ಮರದ ಕೊಂಬೆಗಳಂತೆ ಕವಲೊಡೆದಿರುತ್ತಿತ್ತು. ಬೇಕಾದುದನ್ನು ಹುಡುಕುವ ಕಾರ್ಯಕ್ರಮವು ಮಾಹಿತಿಯನ್ನು ಜೋಡಿಸಿದ ಕ್ರಮಕ್ಕೆ, ಅದರ ಸೂಚಿಗೆ, ಅದನ್ನು ತಲುಪುವ ದಾರಿಗೆ ಅಧೀನವಾಗಿತ್ತು. ಬಿಡಿಭಾಗಗಳನ್ನೂ ಯೋಜನೆಗಳನ್ನೂ ಐದು ಬಗೆಯಲ್ಲಿ ಹೆಣೆಯಬಹುದೆಂದು ತೋರಿಸಿ, ಒಂದು ಹೆಣಿಗೆಗೆಂದು ಬರೆದ ಕಾರ್ಯಕ್ರಮ ಇನ್ನೊಂದರಲ್ಲಿ ಸೋಲುವುದನ್ನು ಕಾಡ್ ವಿವರಿಸಿದರು. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಟ್ಟು, ಅವುಗಳ ಸಂಬಂಧವನ್ನು ಮೌಲ್ಯಗಳಿಂದಲೇ ಗುರುತಿಸಬೇಕೆಂಬುದು ಅವರ ಪರಿಹಾರ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಹಾಗೆಂದು ಅವಲಂಬನೆ ಅಳಿಯಿತೇ? ಇಲ್ಲ, ಅಳಿಯಲೂ ಬಾರದು. ಸದಸ್ಯರ ಪಟ್ಟಿಯಲ್ಲಿಲ್ಲದವರ ಹೆಸರಿಗೆ ಪುಸ್ತಕದ ಎರವಲು ದಾಖಲಾಗಕೂಡದು ಎಂಬ ಕಟ್ಟು ಬೇಕಾದ ಕಟ್ಟೇ. ಅದನ್ನು ವಿಧಿಸಿಟ್ಟರೆ ಯಂತ್ರವೇ ಕಾಯುತ್ತದೆ: ಸದಸ್ಯರು ಮೊದಲು, ಎರವಲು ಆಮೇಲೆ; ಅಳಿಸುವಾಗ ತಿರುಗುಮುರುಗು. ನಿಜವಾದ ಅಪಾಯವಿರುವುದು ಹೇಳದೆ ಉಳಿದ ನಂಟುಗಳಲ್ಲಿ. ಯಾವುದೋ ಕಚೇರಿಯ ಕಾರ್ಯಕ್ರಮವೊಂದು ಪ್ರತಿ ರಾತ್ರಿ ಒಂದು ಕೋಷ್ಟಕವನ್ನು ಸದ್ದಿಲ್ಲದೆ ಓದಿಕೊಳ್ಳುತ್ತಿರುತ್ತದೆ. ಆ ಕೋಷ್ಟಕದ ಒಂದು ಕಂಬಸಾಲಿನ ಹೆಸರು ಬದಲಾದ ಮರುದಿನವೇ ಅದು ಮುಗ್ಗರಿಸುತ್ತದೆ.

ಆದ್ದರಿಂದ ನಿರ್ವಹಣೆಯ ಸೂತ್ರಗಳು ಕೆಲವೇ ಎಂದು ನನ್ನ ಎಣಿಕೆ. ಒಂದು ಸಂಗತಿಗೆ ಒಂದೇ ಮನೆ ಇರಲಿ. ನಂಟನ್ನು ವ್ಯವಸ್ಥೆಗೇ ತಿಳಿಸಿಡಿ. ಯಾವುದು ಯಾವುದನ್ನು ಆಶ್ರಯಿಸಿದೆಯೆಂಬುದನ್ನು ಅದು ತನ್ನ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊರಗಿನವರಿಗೆ ಉಗ್ರಾಣದ ಬಾಗಿಲನ್ನೇ ತೆರೆಯದೆ ಕಿಟಕಿಯೊಂದನ್ನು ತೋರಿಸಿ. ಒಳಗಿನ ಜೋಡಣೆ ಬದಲಾದರೂ ಕಿಟಕಿಯ ನೋಟ ಬದಲಾಗದಿರಲಿ. ಹಳೆಯದನ್ನು ಕೀಳುವ ಮೊದಲು ಹೊಸದನ್ನು ಅದರ ಪಕ್ಕದಲ್ಲಿ ನಿಲ್ಲಿಸಿ, ಓದುವವರೆಲ್ಲರೂ ಈಚೆಗೆ ಬರುವವರೆಗೆ ಎರಡನ್ನೂ ನಡೆಸಿ.

ಇದು ಯಂತ್ರಜ್ಞರ ಮನೆವಾರ್ತೆ ಮಾತ್ರವೆಂದು ನಾವು ಸುಮ್ಮನಿರುವಂತಿಲ್ಲ. ಪಿಂಚಣಿ, ಪಡಿತರ, ಪಹಣಿಗಳೆಲ್ಲ ಇಂದು ಇಂತಹ ಕೋಷ್ಟಕಗಳಲ್ಲಿವೆ. ಎಲ್ಲಿಯೋ ಒಂದು ನಂಟು ಕಡಿದರೆ, ಬದುಕಿರುವ ಮುದುಕಿಯೊಬ್ಬಳು ಲೆಕ್ಕದಲ್ಲಿ ಇಲ್ಲವಾಗುತ್ತಾಳೆ. ಕಣ್ಣಿಗೆ ಕಾಣುವ ಗಂಟನ್ನು ಬಿಚ್ಚಬಹುದು. ಕಾಣದ ಗಂಟಿಗೆ ಕತ್ತರಿಯೇ ಗತಿ.