ಬಿಳಿಗುಂಡ್ಲುವಿನ ಒಂದು ಅಂಕಿ: ತಂತ್ರಾಂಶಗಳ ನಡುವಿನ ಸರಳ ವೆಬ್ ಪ್ರೊಟೊಕಾಲ್‌ಗಳು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಎರಡು ಪ್ರಶ್ನೋತ್ತರಗಳಿವೆ.)

ದನಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ. ಇವತ್ತಿನ ವಿಷಯ, ಬೇರೆ ಬೇರೆ ತಂತ್ರಾಂಶಗಳು ಒಂದರ ಜೊತೆ ಇನ್ನೊಂದು ಮಾತಾಡೋದಕ್ಕೆ ಬಳಸುವ ಸರಳ ವೆಬ್ ಪ್ರೊಟೊಕಾಲ್‌ಗಳು. ವ್ಯಾಖ್ಯೆಯಿಂದ ಶುರು ಮಾಡಿದರೆ ಅರ್ಧ ಜನ ಕ್ಯಾಮೆರಾ ಆಫ್ ಮಾಡ್ತೀರಿ, ಅದಕ್ಕೇ ಒಂದು ಊರಿನಿಂದ ಶುರು ಮಾಡ್ತೀನಿ.

ಬಿಳಿಗುಂಡ್ಲು. ಕಾವೇರಿ ಕರ್ನಾಟಕವನ್ನು ದಾಟಿ ತಮಿಳುನಾಡಿಗೆ ಇಳಿಯುವ ಗಡಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇರುವುದು ಇಲ್ಲಿ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಬಂದ 177.25 ಟಿಎಂಸಿ ಅಡಿ ಅನ್ನುವ ವಾರ್ಷಿಕ ಲೆಕ್ಕವನ್ನು ಅಳೆಯುವುದೂ ಇಲ್ಲೇ. ಸ್ವಲ್ಪ ಕೆಳಗೆ ಧರ್ಮಪುರಿ ಜಿಲ್ಲೆಯ ಹೊಗೇನಕಲ್. ನೀರು ಏರಿತು ಅಂದರೆ ಜಿಲ್ಲಾಡಳಿತ ಅಲ್ಲಿ ಹರಿಗೋಲು ನಿಲ್ಲಿಸುತ್ತದೆ, ಸ್ನಾನ ನಿಲ್ಲಿಸುತ್ತದೆ. ಹರಿಗೋಲಿನವರಿಗೆ ಅವತ್ತಿನ ದುಡಿಮೆ ಹೋಯಿತು. ನಿಲ್ಲಿಸದೇ ಇದ್ದರೆ ಜೀವವೇ ಹೋಗಬಹುದು. ಇನ್ನೂ ಕೆಳಗೆ ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟು, 1934ರದ್ದು, ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ ಅಡಿ. ಅಲ್ಲಿಂದ ಮುಂದಕ್ಕೆ ಡೆಲ್ಟಾದ ಭತ್ತದ ಗದ್ದೆಗಳು.

ಅಂದರೆ ಬಿಳಿಗುಂಡ್ಲುವಿನ ಒಂದು ಅಂಕಿ ಎಷ್ಟೋ ಕಡೆಗೆ ಬೇಕು. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಫೋನಿನಲ್ಲಿ ಹೇಳಬಹುದು, ವಾಟ್ಸಾಪ್‌ನಲ್ಲಿ ಪಟ್ಟಿಯ ಫೋಟೋ ಕಳಿಸಬಹುದು, ಪಿಡಿಎಫ್ ಹಾಕಬಹುದು. ಇವೆಲ್ಲ ಮನುಷ್ಯನ ಕಣ್ಣಿಗೆ. ನಡುವೆ ಒಬ್ಬ ಕೂತು ಮತ್ತೆ ಟೈಪ್ ಮಾಡಬೇಕು, 12,000 ಹೋಗಿ 1,200 ಆಗೋದು ಅಲ್ಲೇ. ನಡುವಿನ ಟೈಪಿಂಗ್ ಬೇಡ ಅಂದರೆ ಎರಡು ಪ್ರೋಗ್ರಾಂಗಳು ನೇರವಾಗಿ ಕೇಳಿ ಹೇಳಿ ಮಾಡಬೇಕು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಮುಂದೆ ಬರುವ ಸಂದೇಶಗಳು ಉದಾಹರಣೆಗಾಗಿ ನಾನು ಕಟ್ಟಿಕೊಂಡವು, ಯಾವ ಇಲಾಖೆಯ ಒಳಗಿನ ವ್ಯವಸ್ಥೆಯ ವರ್ಣನೆಯೂ ಅಲ್ಲ.

1990ರ ದಶಕದಲ್ಲಿ ಇಂಥ ಕೆಲಸಕ್ಕೆ ಕೋರ್ಬಾ, ಡಿಕಾಮ್ ಅಂತ ಭಾರಿ ವ್ಯವಸ್ಥೆಗಳಿದ್ದವು. ಎರಡೂ ಕಡೆ ಒಂದೇ ಬಗೆಯ ಸಲಕರಣೆ ಬೇಕು, ಫೈರ್‌ವಾಲ್ ದಾಟೋದು ಕಷ್ಟ. 1998ರಲ್ಲಿ ಡೇವ್ ವೈನರ್ ಮತ್ತು ಮೈಕ್ರೋಸಾಫ್ಟ್‌ನ ಕೆಲವರು ಸೇರಿ ಯೋಚಿಸಿದ ದಾರಿ ಬೇರೆ. ವೆಬ್ ಪುಟ ತರಿಸಲು ಎಚ್‌ಟಿಟಿಪಿ ಆಗಲೇ ಎಲ್ಲಾ ಕಡೆ ಇತ್ತು, ಎಲ್ಲರೂ ಅದಕ್ಕೆ ಬಾಗಿಲು ತೆರೆದೇ ಇಟ್ಟಿದ್ದರು. ಅದೇ ಲಕೋಟೆಯೊಳಗೆ ಪುಟದ ಬದಲು ಒಂದು ಪ್ರಶ್ನೆ ಇಟ್ಟರೆ? ಇದೇ ಎಕ್ಸ್‌ಎಂಎಲ್-ಆರ್‌ಪಿಸಿ.

ಅದರ ಇಡೀ ವಿವರಣೆ ಮುದ್ರಿಸಿದರೆ ಕೆಲವೇ ಪುಟ. ಕೇಳುವವನು ಒಂದು ಕಾಗದದಲ್ಲಿ ಎರಡು ವಿಷಯ ಬರೀತಾನೆ: ಯಾವ ಕೆಲಸ, ಯಾವ ಮಾಹಿತಿಯ ಮೇಲೆ. ನಮ್ಮ ಉದಾಹರಣೆಯಲ್ಲಿ ಕೆಲಸದ ಹೆಸರು 'ಒಳಹರಿವು ಕೊಡು', ಮಾಹಿತಿ 'ಬಿಳಿಗುಂಡ್ಲು' ಮತ್ತು ಒಂದು ದಿನಾಂಕ. ಉತ್ತರಿಸುವವನು ಇನ್ನೊಂದು ಕಾಗದದಲ್ಲಿ ಒಂದು ಬೆಲೆ ಬರೆದು ಕಳಿಸ್ತಾನೆ: 12000. ಬೆಲೆ ಪೂರ್ಣಾಂಕವೋ, ದಶಮಾಂಶವೋ, ಹೌದು-ಅಲ್ಲವೋ, ಪಠ್ಯವೋ, ದಿನಾಂಕವೋ ಅಂತ ಗುರುತು ಹಾಕಬೇಕು. ಹಲವು ಬೆಲೆಗಳನ್ನು ಸಾಲಾಗಿ ಜೋಡಿಸಬಹುದು, ಹೆಸರಿಟ್ಟು ಕಟ್ಟಬಹುದು. ಅಷ್ಟೇ. ಕೇಳುವ ಪ್ರೋಗ್ರಾಂ ಪೈಥಾನ್‌ನಲ್ಲಿರಲಿ, ಉತ್ತರಿಸುವುದು ಜಾವಾದಲ್ಲಿರಲಿ, ಇಬ್ಬರಿಗೂ ಒಬ್ಬರ ಮನೆಯೊಳಗಿನ ವಿಚಾರ ಇನ್ನೊಬ್ಬರಿಗೆ ಬೇಕಿಲ್ಲ.

ಇಷ್ಟು ಸರಳ ಅಂದಮೇಲೆ ಕಷ್ಟ ಎಲ್ಲಿ ಹೋಯಿತು? ನನ್ನ ವಾದ ಇರೋದು ಇಲ್ಲೇ: ಕಷ್ಟ ಎಲ್ಲೂ ಹೋಗಲಿಲ್ಲ. ಪ್ರೊಟೊಕಾಲ್ ಅದನ್ನು ಮುಟ್ಟಲೇ ಇಲ್ಲ. ಅದು ಅಂಕಿಯನ್ನು ಸರಿಯಾಗಿ ಸಾಗಿಸುತ್ತೆ, ಅಂಕಿಯ ಅರ್ಥವನ್ನು ನಮಗೇ ಬಿಟ್ಟುಬಿಡುತ್ತೆ.

ಮೊದಲು ಮಾನದ ಮಾತು. 12000 ಅಂದರೆ ಏನು? ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ. ನ್ಯಾಯಾಲಯದ ಲೆಕ್ಕ ಇರುವುದು ಟಿಎಂಸಿಯಲ್ಲಿ, ಅಂದರೆ ನೂರು ಕೋಟಿ ಘನ ಅಡಿಯಲ್ಲಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. 'ಇಡೀ ದಿನ' ಅನ್ನೋದನ್ನು ಗಮನಿಸಿ. ಬೆಳಿಗ್ಗೆ 8 ಗಂಟೆಗೆ ನೋಡಿದಾಗ 12,000 ಇತ್ತು ಅನ್ನೋದು ಬೇರೆ, ಹಿಂದಿನ 24 ಗಂಟೆಯ ಸರಾಸರಿ 12,000 ಅನ್ನೋದು ಬೇರೆ. ಹರಿಗೋಲಿನವರಿಗೆ ಮೊದಲನೆಯದು ಬೇಕು, ನೀರಿನ ಲೆಕ್ಕದವರಿಗೆ ಎರಡನೆಯದು. ಸಂದೇಶದಲ್ಲಿ ಎರಡೂ ಒಂದೇ ಥರ ಕಾಣುತ್ತೆ.

ಮಟ್ಟದ ವಿಷಯದಲ್ಲಿ ನಾನೇ ಮುಗ್ಗರಿಸಿದೆ. ಅಭ್ಯಾಸಕ್ಕೆ ಅಂತ ಕಾವೇರಿ ಕಣಿವೆಯ ಅಣೆಕಟ್ಟುಗಳ ಒಂದು ಪಟ್ಟಿ ಮಾಡೋ ಪ್ರೋಗ್ರಾಂ ಬರೆದೆ. 'ಮಟ್ಟ' ಅಂತ ಒಂದೇ ಖಾನೆ, ಅಡಿಗಳಲ್ಲಿ. ಹೇಮಾವತಿ ಯಾವಾಗಲೂ ಮೇಲೆ, ಮೆಟ್ಟೂರು ತುಂಬಿ ತುಳುಕಿದರೂ ಕೊನೆಗೆ. ಯಾಕೆ? ಕೆಆರ್‌ಎಸ್‌ನ 124.80 ಅಡಿ, ಮೆಟ್ಟೂರಿನ 120 ಅಡಿ ಅಣೆಕಟ್ಟಿನ ಹತ್ತಿರದ್ದೇ ತಳದಿಂದ ಎಣಿಸುವ ಲೆಕ್ಕ. ಕಬಿನಿಯ 2,284 ಅಡಿ, ಹೇಮಾವತಿಯ 2,922 ಅಡಿ ಸಮುದ್ರಮಟ್ಟದಿಂದ. ಎಲ್ಲವೂ ಅಡಿ, ಎಲ್ಲವೂ ದಶಮಾಂಶ, ಪ್ರೊಟೊಕಾಲ್ ಪ್ರಕಾರ ಎಲ್ಲವೂ ಸರಿ. ಒಂದೇ ಒಂದು ದೋಷಸೂಚನೆ ಬರಲಿಲ್ಲ. ಪತ್ರಿಕೆ ಓದುವ ನಮ್ಮಜ್ಜನಿಗೆ ಗೊತ್ತಿದ್ದ ವಿಷಯ ನನ್ನ ಪ್ರೋಗ್ರಾಂಗೆ ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ.

ಇದಕ್ಕಿಂತ ಅಪಾಯದ್ದು ಸೊನ್ನೆ. ಎಕ್ಸ್‌ಎಂಎಲ್-ಆರ್‌ಪಿಸಿಯ ಮೂಲ ವಿವರಣೆಯಲ್ಲಿ 'ಬೆಲೆ ಇಲ್ಲ' ಅಂತ ಹೇಳಲು ಜಾಗವೇ ಇಲ್ಲ. ಆಮೇಲೆ ಕೆಲವರು ವಿಸ್ತರಣೆಯಾಗಿ ಸೇರಿಸಿಕೊಂಡರು, ಅಷ್ಟೇ. ಈಗ ಯೋಚನೆ ಮಾಡಿ. ರಾತ್ರಿ ಮಳೆಗೆ ಮಾಪಕ ಕೆಟ್ಟಿದೆ, ಅಳತೆ ಆಗಿಲ್ಲ. ಪೂರ್ಣಾಂಕ ಕಳಿಸಲೇಬೇಕು ಅಂತ ಪ್ರೋಗ್ರಾಂ ಬರೆದವನು 0 ಕಳಿಸಿದ. ಆ ಕಡೆ ಹೊಗೇನಕಲ್‌ನ ಎಚ್ಚರಿಕೆ ಪ್ರೋಗ್ರಾಂ 0 ನೋಡಿ 'ಹೊಳೆ ಶಾಂತ, ಹರಿಗೋಲು ಬಿಡಬಹುದು' ಅಂದರೆ? 'ನೀರಿಲ್ಲ' ಮತ್ತು 'ಗೊತ್ತಿಲ್ಲ' ಒಂದೇ ಅಂಕಿಯಾದ ಕ್ಷಣದಲ್ಲಿ ಸರಳತೆಯ ಬೆಲೆಯನ್ನು ಹೊಳೆಯಲ್ಲಿರುವವರು ತೆರಬೇಕಾಗುತ್ತೆ. ಕೆಲವರು -1 ಕಳಿಸ್ತಾರೆ, ಕೆಲವರು -999. ಎರಡೂ ಕಡೆಯವರು ಬರೆದಿಟ್ಟು ಒಪ್ಪಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಯಾರೋ ಅದನ್ನೂ ಸೇರಿಸಿ ಸರಾಸರಿ ತೆಗೀತಾರೆ.

ದೋಷ ಹೇಳಲು ಬೇರೆ ದಾರಿ ಇದೆ. ಉತ್ತರದ ಜಾಗದಲ್ಲಿ 'ಫಾಲ್ಟ್' ಅಂತ ಕಾಗದ ಇಟ್ಟು ಒಂದು ಸಂಖ್ಯೆ, ಒಂದು ವಾಕ್ಯ ಕಳಿಸಬಹುದು. ಆದರೆ ಲಕೋಟೆಯ ಮೇಲೆ ಎಚ್‌ಟಿಟಿಪಿಯ 200, ಅಂದರೆ 'ಎಲ್ಲಾ ಸರಿ', ಅಂತಲೇ ಇರುತ್ತೆ. ಯಾಕಂದರೆ ಕಾಗದ ತಲುಪಿದ್ದು ಸರಿಯಾಗಿಯೇ. ಲಕೋಟೆ ಮಾತ್ರ ನೋಡಿ ಒಳಗಿನ ಕಾಗದ ಓದದ ಪ್ರೋಗ್ರಾಂ ನೆಮ್ಮದಿಯಾಗಿ ಮುಂದೆ ಹೋಗುತ್ತೆ.

ಸಮಯದ್ದೂ ಇದೇ ಕಥೆ. ಎಕ್ಸ್‌ಎಂಎಲ್-ಆರ್‌ಪಿಸಿಯ ದಿನಾಂಕದಲ್ಲಿ ಕಾಲವಲಯ ಇರುವುದಿಲ್ಲ. ವಿವರಣೆಯೇ ಹೇಳುತ್ತೆ, ಕಾಲವಲಯವನ್ನು ಊಹಿಸಬೇಡಿ, ಸರ್ವರ್‌ನವರು ತಮ್ಮ ದಾಖಲೆಯಲ್ಲಿ ಬರೆಯಲಿ ಅಂತ. ಸರ್ವರ್ ಗ್ರೀನಿಚ್ ಸಮಯದಲ್ಲಿದ್ದರೆ ನಮ್ಮ ಬೆಳಗಿನ 8 ಗಂಟೆ ಅಲ್ಲಿ 2:30. ಅಲ್ಲಿನ 2:30 ಅನ್ನು ನಮ್ಮ ಸಮಯ ಅಂತ ಓದಿಕೊಂಡರೆ ಐದೂವರೆ ತಾಸು ವ್ಯತ್ಯಾಸ. ಪ್ರವಾಹದಲ್ಲಿ ಅದು ಚಿಕ್ಕ ವ್ಯತ್ಯಾಸ ಅಲ್ಲ.

ಆಮೇಲಿನ ಇತಿಹಾಸವನ್ನು ಬೇಗ ಹೇಳಿಬಿಡ್ತೀನಿ. ಅದೇ ಯೋಚನೆ ಬೆಳೆದು ಸೋಪ್ ಆಯಿತು. ಹೆಸರಿನ ಮೊದಲಕ್ಷರದ ಅರ್ಥ 'ಸರಳ'. 2000ರಲ್ಲಿ 1.1, 2003ರಲ್ಲಿ 1.2. ಅಷ್ಟರಲ್ಲಿ ಭದ್ರತೆಗೆ ಒಂದು, ವಿಳಾಸಕ್ಕೆ ಒಂದು, ವಿವರಣೆಗೆ ಒಂದು ಅಂತ ಸಹ-ಮಾನಕಗಳು ಸೇರಿ ಗಾಡಿ ತುಂಬಿತು. 1.2ರ ಹೊತ್ತಿಗೆ ಆ ಹೆಸರಿನ ವಿಸ್ತರಣೆಯನ್ನೇ ಕೈಬಿಟ್ಟರು, ಪ್ರಾಮಾಣಿಕ ಕೆಲಸ! ಇನ್ನೊಂದು ಕಡೆ 2000ದಲ್ಲಿ ರಾಯ್ ಫೀಲ್ಡಿಂಗ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್‌ನಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಅನ್ನುವ ಶೈಲಿಯನ್ನು ವಿವರಿಸಿದರು. ಎಕ್ಸ್‌ಎಂಎಲ್ ಜಾಗಕ್ಕೆ ಹಗುರವಾದ ಜೇಸನ್ ಬಂತು. ಜೇಸನ್‌ನಲ್ಲಿ 'ಬೆಲೆ ಇಲ್ಲ' ಅಂತ ಹೇಳಲು 'ನಲ್' ಇದೆ, ದಿನಾಂಕಕ್ಕೆ ಮಾತ್ರ ಪ್ರತ್ಯೇಕ ಬಗೆಯೇ ಇಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತೆ.

ರೆಸ್ಟ್‌ನಿಂದ ಬಂದ ಒಂದು ಲಾಭದ ಬಗ್ಗೆ ನಿಲ್ಲಬೇಕು. ಎಕ್ಸ್‌ಎಂಎಲ್-ಆರ್‌ಪಿಸಿಯಲ್ಲಿ ಓದುವುದಾಗಲಿ ಬದಲಿಸುವುದಾಗಲಿ ಎಲ್ಲವೂ 'ಪೋಸ್ಟ್' ಲಕೋಟೆಯಲ್ಲೇ ಹೋಗುತ್ತೆ. ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ರೆಸ್ಟ್ ಬಳಸುವವರು ಓದುವುದಕ್ಕೆ 'ಗೆಟ್' ಬಳಸ್ತಾರೆ. ನೂರು ಸಲ ಕೇಳಿದರೂ ಏನೂ ಕೆಡಲ್ಲ ಅನ್ನೋದು ಗೆಟ್‌ನ ಅರ್ಥದಲ್ಲೇ ಇದೆ. ಪೆನ್ನಾಗರಂ ಕಡೆಯ ಗುಡ್ಡಗಳಲ್ಲಿ ಸಿಗ್ನಲ್ ಬಂದು ಹೋಗಿ ಆಗುವಾಗ ಇದು ಮುಖ್ಯ. ಬಿಳಿಗುಂಡ್ಲುವಿನ ಹರಿವು ಕೇಳಿದೆ, ಉತ್ತರ ಬರಲಿಲ್ಲ, ಮತ್ತೆ ಕೇಳಬಹುದೇ? ಧಾರಾಳವಾಗಿ. 'ಎಲ್ಲರಿಗೂ ಎಚ್ಚರಿಕೆ ಸಂದೇಶ ಕಳಿಸು' ಅಂದೆ, ಉತ್ತರ ಬರಲಿಲ್ಲ, ಮತ್ತೆ ಹೇಳಬಹುದೇ? ಮೊದಲನೆಯದು ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿದ್ದರೆ ಒಂದೇ ಸಂದೇಶ ಎರಡೆರಡು ಸಲ ಹೋಗುತ್ತೆ. ನಾಲ್ಕು ಸಲ ಹಾಗಾದರೆ ಜನ ಓದೋದನ್ನೇ ಬಿಡ್ತಾರೆ. ಪರಿಹಾರ ಸರಳ: ಪ್ರತಿ ಆದೇಶಕ್ಕೂ ಒಂದು ಕ್ರಮಸಂಖ್ಯೆ, ಅದೇ ಸಂಖ್ಯೆ ಮತ್ತೆ ಬಂದರೆ ಕೆಲಸ ಮಾಡದೆ ಹಳೆಯ ಉತ್ತರವನ್ನೇ ಕೊಡುವುದು. ಆದರೆ ಇದನ್ನೂ ಯಾವ ಪ್ರೊಟೊಕಾಲೂ ತಾನಾಗಿ ಮಾಡಲ್ಲ, ನಾವು ಸೇರಿಸಬೇಕು.

ನೀರಿನ ವಿಜ್ಞಾನದವರು ಈ ಪಾಠಗಳನ್ನೆಲ್ಲ ಕಲಿತೇ ಇದ್ದಾರೆ. ಅಮೆರಿಕದ ವಿಶ್ವವಿದ್ಯಾಲಯಗಳ ಜಲವಿಜ್ಞಾನ ಒಕ್ಕೂಟ ಸೋಪ್ ಮೇಲೆ ವಾಟರ್‌ಒನ್‌ಫ್ಲೋ ಎಂಬ ಸೇವೆಯನ್ನೂ ವಾಟರ್‌ಎಂಎಲ್ ಎಂಬ ಬರಹದ ಮಾದರಿಯನ್ನೂ ಕಟ್ಟಿತು. 2012ರಲ್ಲಿ ವಾಟರ್‌ಎಂಎಲ್ 2.0 ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಅಂಕಿಯ ಜೊತೆಗೆ ಮಾನ, ಸಮಯ, ಗುಣಮಟ್ಟ, ಇದು ಆ ಕ್ಷಣದ ಅಳತೆಯೋ ಅವಧಿಯ ಸರಾಸರಿಯೋ ಅನ್ನೋದನ್ನೆಲ್ಲ ಹೇಳಲು ಜಾಗ ಇದೆ. ಎಕ್ಸ್‌ಎಂಎಲ್-ಆರ್‌ಪಿಸಿಯಷ್ಟು ಚಿಕ್ಕದಲ್ಲ. ನನ್ನ ಅಭಿಪ್ರಾಯದಲ್ಲಿ ತೂಕ ಇರಬೇಕಾದದ್ದು ಅಲ್ಲೇ, ಕಾಗದದ ಒಳಗೆ. ಲಕೋಟೆ ಹಗುರವಾಗಿಯೇ ಇರಲಿ.

ಪ್ರಶ್ನೆ: ಈಗ ಎಲ್ಲರೂ ರೆಸ್ಟ್, ಜೇಸನ್ ಅಂತಾರೆ. ಎಕ್ಸ್‌ಎಂಎಲ್-ಆರ್‌ಪಿಸಿ ಕಲಿಯೋದರಲ್ಲಿ ಅರ್ಥ ಇದೆಯಾ?

ಉತ್ತರ: ಹೊಸ ವ್ಯವಸ್ಥೆ ಕಟ್ಟೋದಕ್ಕೆ ನಾನು ಹೇಳಲ್ಲ. ಕಲಿಯೋದಕ್ಕೆ ಖಂಡಿತ ಹೇಳ್ತೀನಿ. ಪೈಥಾನ್‌ನ ಜೊತೆಗೇ ಅದರ ಗ್ರಂಥಾಲಯ ಬರುತ್ತೆ. ಹತ್ತು ಹನ್ನೆರಡು ಸಾಲಿನಲ್ಲಿ ಒಂದು ಸರ್ವರ್, ಇನ್ನೊಂದು ಲ್ಯಾಪ್‌ಟಾಪಿನಿಂದ ಕೇಳುವ ಪ್ರೋಗ್ರಾಂ, ಒಂದು ಸಂಜೆಯ ಕೆಲಸ. ಹೋಗಿ ಬರುವ ಕಾಗದವನ್ನು ಕಣ್ಣಾರೆ ಓದಬಹುದು. ಆಮೇಲೆ ಬೇಕಂತಲೇ ಮಾಪಕ ಕೆಡಿಸಿ ನೋಡಿ.

ಪ್ರಶ್ನೆ: ನಮ್ಮ ಕಡೆ ಊರಿನ ಹೆಸರನ್ನು ಕನ್ನಡ, ತಮಿಳು ಎರಡರಲ್ಲೂ ಬರೀತಾರೆ. ಅದನ್ನು ಈ ಸಂದೇಶಗಳಲ್ಲಿ ಕಳಿಸಿದರೆ ಸಮಸ್ಯೆ ಆಗಲ್ವಾ?

ಉತ್ತರ: ಆಗುತ್ತೆ, ಒಳ್ಳೇ ಪ್ರಶ್ನೆ. ಎಕ್ಸ್‌ಎಂಎಲ್-ಆರ್‌ಪಿಸಿಯ ವಿವರಣೆ ಮೊದಲಿಗೆ ಪಠ್ಯ ಅಂದರೆ ಆಸ್ಕಿ ಪಠ್ಯ ಅಂತಲೇ ಹೇಳ್ತಿತ್ತು, ಅಂದರೆ ಇಂಗ್ಲಿಷ್ ಅಕ್ಷರ. 2003ರಲ್ಲಿ ಆ ಪದ ತೆಗೆದರು. ಈಗ ಯೂನಿಕೋಡ್ ಇದೆ, ಆದರೂ ಎಣಿಕೆಯಲ್ಲಿ ಎಡವುತ್ತೇವೆ. 'ಹೊಗೇನಕಲ್' ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಲಕೋಟೆಯ ಮೇಲೆ ಒಳಗಿನ ಉದ್ದ ಬರೆಯುವಾಗ ಬೈಟ್ ಎಣಿಸಬೇಕು, ಸಂಕೇತ ಎಣಿಸಿ 8 ಅಂತ ಬರೆದರೆ ಆ ಕಡೆಯವನು ಅಷ್ಟೇ ಓದಿ ನಿಲ್ಲಿಸ್ತಾನೆ. ಜೊತೆಗೆ 'ಹೊ' ಮತ್ತು 'ಗೇ'ಗಳ ಸ್ವರಚಿಹ್ನೆಗಳನ್ನು ಬಿಡಿಸಿಯೂ ಬರೆಯಬಹುದು, ಆಗ 30 ಬೈಟ್. ಪರದೆ ಮೇಲೆ ಎರಡೂ ಒಂದೇ, ಹೋಲಿಸಿ ನೋಡಿದರೆ ಪ್ರೋಗ್ರಾಂಗೆ ಎರಡು ಬೇರೆ ಊರು.

ತಮಿಳಿನಲ್ಲಿ ಅದೇ ಜಾಗ ಒಗೇನಕ್ಕಲ್, ಮೊದಲಿನ 'ಹ'ಕಾರ ಇಲ್ಲ. ಕ, ಗ ಎರಡಕ್ಕೂ ಅಲ್ಲಿ ಒಂದೇ ಲಿಪಿ. ಹಾಗಾಗಿ ಯಂತ್ರ ಲಿಪ್ಯಂತರ ಮಾಡಿ ವಾಪಸ್ ತಂದರೆ ಹೋದ ಹೆಸರು ಬರಲ್ಲ. ಹೆಸರು ಜನ ಓದೋದಕ್ಕೆ ಇರಲಿ, ಗುರುತಿಗೆ ಮಾಪನ ಕೇಂದ್ರದ ಸಂಕೇತ ಬಳಸಿ.

ಜಿಲ್ಲೆಯ ಹೆಸರನ್ನಂತೂ ಗುರುತಾಗಿ ಬಳಸಲೇಬೇಡಿ. 1961ರ ದಾಖಲೆಯಲ್ಲಿ ಹೊಸೂರು ಇರೋದು ಸೇಲಂ ಜಿಲ್ಲೆಯಲ್ಲಿ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, ಹೊಸೂರು ಅದರ ಜೊತೆ ಹೋಯಿತು. 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು, ಹೊಸೂರು ಈಗ ಅಲ್ಲಿ. ಊರು ಒಂದಡಿ ಕದಲಿಲ್ಲ, ಖಾನೆ ಎರಡು ಸಲ ಬದಲಾಯಿತು. ಹಳೆಯ ಮಳೆ ಅಂಕಿಗಳನ್ನು ಹುಡುಕುವವರು ಪ್ರಶ್ನೆಯ ಜೊತೆ ಇಸವಿಯನ್ನೂ ಕಳಿಸಬೇಕು, ಉತ್ತರಿಸುವ ಪ್ರೋಗ್ರಾಂ ಯಾವ ಇಸವಿಯ ಗಡಿಯನ್ನು ಹಿಡಿದಿದ್ದೇನೆ ಅಂತ ಉತ್ತರದಲ್ಲೇ ಹೇಳಬೇಕು.