ಕಟ್ಟುವ ಮೊದಲು ಕೊಯ್ದು ನೋಡೋಣ

ಕೆಲವು ತಿಂಗಳ ಹಿಂದೆ, ಒಂದು ಭಾನುವಾರದ ಬಲಿಪೂಜೆಯ ನಂತರ, ಧರ್ಮಕೇಂದ್ರವೊಂದರ ಸಭಾಂಗಣದಲ್ಲಿ ಕರೆದಿದ್ದ ಸಭೆಗೆ ನಾವೂ ಹೋಗಿದ್ದೆವು. ಕಟ್ಟಬೇಕೆಂದಿದ್ದ ಹೊಸ ದೇವಾಲಯದ ಮಾದರಿಯನ್ನು ತರುಣ ಎಂಜಿನಿಯರೊಬ್ಬರು ಕಂಪ್ಯೂಟರಿನ ಮೂಲಕ ಬಿಳಿ ಪರದೆಯ ಮೇಲೆ ಮೂಡಿಸಿ ತೋರಿಸಿದರು. ಗೋಪುರ, ಕಮಾನು, ಬಣ್ಣದ ಗಾಜಿನ ಕಿಟಕಿಗಳು ನಾಲ್ಕೂ ದಿಕ್ಕಿನಿಂದ ಕಂಗೊಳಿಸಿದವು. ಚಪ್ಪಾಳೆಯೂ ಆಯಿತು. ಆಗ ಹಿಂದಿನ ಸಾಲಿನಿಂದ ಹಿರಿಯ ತಾಯಿಯೊಬ್ಬರು ಎದ್ದು ನಿಂತು, "ಏನಪ್ಪಾ, ಮೇಲಿನ ಬಾಲ್ಕನಿಯಲ್ಲಿ ಕೂತವರಿಗೆ ಬಲಿಪೀಠ ಕಾಣಿಸುತ್ತದೋ?" ಎಂದು ಕೇಳಿದರು.

ಸಭೆ ಮೌನವಾಯಿತು. "ಒಂದು ನಿಮಿಷ ಅಮ್ಮಾ, ಕೊಯ್ದು ನೋಡಿ ಹೇಳುತ್ತೇನೆ" ಎಂದರು ಎಂಜಿನಿಯರರು. ಅವರ ಕೈ ಆಡುತ್ತಿದ್ದಂತೆ ಹೆಬ್ಬಾಗಿಲಿನಿಂದ ಬಲಿಪೀಠದವರೆಗೆ ದೇವಾಲಯವು ಉದ್ದಕ್ಕೆ ಸೀಳಿದಂತಾಯಿತು. ಅರ್ಧಭಾಗ ಮರೆಯಾಗಿ, ಉಳಿದರ್ಧದ ಒಡಲು ನಮ್ಮೆದುರು ತೆರೆದುಕೊಂಡಿತು. ಬಾಲ್ಕನಿಯ ಕೊನೆಯ ಸಾಲಿನಲ್ಲಿ ಕುಳಿತವರ ಕಣ್ಣಿನಿಂದ ಬಲಿಪೀಠಕ್ಕೆ ಅವರೊಂದು ಗೆರೆ ಎಳೆದರು. ಗೆರೆಯು ಬಾಲ್ಕನಿಯ ಮುಂದಿನ ಮೋಟುಗೋಡೆಗೆ ತಾಗಿ ನಿಂತಿತು. ಮೊದಲ ಸಾಲಿನವರಿಗೆ ಮಾತ್ರ ಬಲಿಪೀಠ ಕಾಣುತ್ತಿತ್ತು. ಹಿಂದಿನವರ ಪಾಲಿಗೆ ಉಳಿದದ್ದು ಎದುರು ಗೋಡೆಯ ಮೇಲ್ಭಾಗ. ಹೊರಗಿನ ಚೆಲುವು ಎಷ್ಟೇ ಇದ್ದರೂ ಈ ಸತ್ಯವನ್ನು ಅದು ನಮಗೆ ತಿಳಿಸಿರಲಿಲ್ಲ.

ಕಟ್ಟಡವನ್ನು ಹೀಗೆ ಸೀಳಿ ನೋಡುವುದಕ್ಕೆ ಎಂಜಿನಿಯರುಗಳು ಸೆಕ್ಷನ್ ಎನ್ನುತ್ತಾರೆ. ನಾವು ಛೇದನೋಟ ಎನ್ನಬಹುದು. ಅಡುಗೆಮನೆಯಲ್ಲಿ ಪರಂಗಿಹಣ್ಣನ್ನು ಕೊಯ್ಯುವವರಿಗೆ ಇದು ಹೊಸದಲ್ಲ. ಅಡ್ಡಕ್ಕೆ ಕೊಯ್ದರೆ ನಡುವಿನ ಟೊಳ್ಳು ನಕ್ಷತ್ರದಂತೆ ಕಾಣುತ್ತದೆ; ಉದ್ದಕ್ಕೆ ಕೊಯ್ದರೆ ದೋಣಿಯಂತೆ ಕಾಣುತ್ತದೆ. ಹಣ್ಣು ಒಂದೇ, ಕೊಯ್ತದಿಂದ ಕೊಯ್ತಕ್ಕೆ ತಿಳಿವು ಬೇರೆ. ನಾವೆಲ್ಲರೂ ಬಲ್ಲ ಮನೆಯ ಪ್ಲಾನ್ ಕೂಡ ಒಂದು ಕೊಯ್ತವೇ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇಡೀ ಮನೆಯನ್ನು ಅಡ್ಡಕ್ಕೆ ಕತ್ತರಿಸಿ ಮೇಲಿನಿಂದ ನೋಡಿದರೆ ಕಾಣುವುದೇ ಪ್ಲಾನ್. ಕೋಣೆಗಳ ಉದ್ದಗಲ ಅದರಲ್ಲಿ ತಿಳಿಯುತ್ತದೆ. ಆದರೆ ಎತ್ತರ, ಇಳಿಜಾರು, ಬೆಳಕು, ತಲೆಯ ಮೇಲಿನ ತೊಲೆ ಇವನ್ನು ತಿಳಿಯಲು ಮೇಲಿನಿಂದ ಕೆಳಕ್ಕೆ ಕೊಯ್ದ ನೋಟವೇ ಬೇಕು.

ಈ ವಿದ್ಯೆಯ ಬೆಳವಣಿಗೆಯಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯಕ್ಕೆ ದೊಡ್ಡ ಸ್ಥಾನವಿದೆ. 1506ರಲ್ಲಿ ಅದರ ಅಡಿಗಲ್ಲು ಇಡಲಾಯಿತು. ಕೆಲಕಾಲ ಅದರ ಶಿಲ್ಪಿಯಾಗಿದ್ದ ಚಿತ್ರಕಾರ ರಾಫೆಲ್, 1519ರ ಸುಮಾರಿಗೆ ಜಗದ್ಗುರು ಹತ್ತನೆಯ ಲಿಯೋ ಅವರನ್ನು ಉದ್ದೇಶಿಸಿ ಸಿದ್ಧಪಡಿಸಿದ ಪತ್ರದಲ್ಲಿ, ಕಟ್ಟಡವನ್ನು ಮೂರು ಬಗೆಯ ಚಿತ್ರಗಳಲ್ಲಿ ತೋರಿಸಬೇಕೆಂದು ವಿವರಿಸಿದರು: ನೆಲದ ನಕ್ಷೆ, ಹೊರಗೋಡೆಯ ನೋಟ, ಒಳಗೋಡೆಯ ನೋಟ. ಈ ಮೂರನೆಯದೇ ಛೇದನೋಟ.

ಮುಂದೆ ಆಂಟೋನಿಯೋ ದ ಸಂಗಾಲ್ಲೋ ಅವರ ಯೋಜನೆಯನ್ನು ತೋರಿಸಲು 1539ರಿಂದ 1546ರವರೆಗೆ ಏಳು ವರ್ಷ ದುಡಿದು ಮರದ ಮಾದರಿಯೊಂದನ್ನು ಮಾಡಲಾಯಿತು. ಅದರ ಉದ್ದವೇ ಏಳು ಮೀಟರಿಗೂ ಹೆಚ್ಚು. ಒಳಹೊಕ್ಕು ನೋಡಬಹುದಾದಷ್ಟು ದೊಡ್ಡದಾದ ಆ ಮಾದರಿ ಇಂದಿಗೂ ಉಳಿದಿದೆ. ಸಂಗಾಲ್ಲೋ ತೀರಿಕೊಂಡ ಮೇಲೆ ಹೊಣೆ ಹೊತ್ತ ಮೈಕೆಲೇಂಜಲೋ ಆ ಯೋಜನೆಯನ್ನು ಒಪ್ಪಲಿಲ್ಲ. ಅದು ಬೆಳಕನ್ನು ತಡೆಯುತ್ತದೆ, ಒಳಗೆ ಕತ್ತಲ ಮೂಲೆಗಳನ್ನು ಉಂಟುಮಾಡುತ್ತದೆ ಎಂಬುದು ಅವರ ಆಕ್ಷೇಪ. ಗುಮ್ಮಟಕ್ಕಾಗಿ ಅವರು 1558ರಿಂದ 1561ರ ನಡುವೆ ಮಾಡಿಸಿದ ಮರದ ಮಾದರಿಯು ಇಡೀ ಗುಮ್ಮಟದ್ದಲ್ಲ. ನಡುವೆ ಸೀಳಿದಂತಿರುವ ಅರ್ಧ ಗುಮ್ಮಟದ್ದು. ಒಂದು ಬದಿಯಿಂದ ಹೊರಮೈ, ಇನ್ನೊಂದು ಬದಿಯಿಂದ ಒಳಮೈ ಕಾಣುತ್ತದೆ. ಕಟ್ಟುವ ಕೈಗಳಿಗೆ ಬೇಕಾದದ್ದು ಗುಮ್ಮಟದ ಚೆಲುವಷ್ಟೇ ಅಲ್ಲ, ಅದರ ದಪ್ಪವೂ ಹೌದು. ಮೈಕೆಲೇಂಜಲೋ 1564ರಲ್ಲಿ ತೀರಿಕೊಂಡರು. ಗುಮ್ಮಟವನ್ನು 1590ರಲ್ಲಿ ಜಾಕೊಮೊ ದೆಲ್ಲ ಪೋರ್ತ ಪೂರ್ಣಗೊಳಿಸಿದರು. ಅದು ಎರಡು ಚಿಪ್ಪುಗಳ ಗುಮ್ಮಟ. ಇಂದು ಮೇಲೇರುವ ಯಾತ್ರಿಕರು ಬಾಗಿದ ಗೋಡೆಗೆ ಮೈ ಬಾಗಿಸಿ ನಡೆಯುವುದು ಆ ಎರಡು ಚಿಪ್ಪುಗಳ ನಡುವಿನ ಸಂದಿಯಲ್ಲಿಯೇ.

ನೂರೈವತ್ತು ವರ್ಷಗಳ ತರುವಾಯ ಛೇದನೋಟಕ್ಕೆ ನಿಜವಾದ ಪರೀಕ್ಷೆ ಬಂದಿತು. ಗುಮ್ಮಟದಲ್ಲಿ ಬಿರುಕುಗಳು ಕಂಡಿದ್ದವು. ಅದು ಕುಸಿಯುವುದೆಂಬ ಭಯ ರೋಮಿನಲ್ಲಿ ಹಬ್ಬಿತ್ತು. ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು 1742ರಲ್ಲಿ ಮೂವರು ಗಣಿತಜ್ಞರನ್ನು ಪರೀಕ್ಷೆಗೆ ನೇಮಿಸಿದರು. ಮೂವರೂ ಧಾರ್ಮಿಕ ಸಭೆಗಳವರೇ: ಮಿನಿಮ್ ಸಭೆಯ ಲೆ ಸ್ಯೂರ್ ಮತ್ತು ಜಾಕಿಯೇ, ಯೇಸುಸಭೆಯ ಬಾಸ್ಕೋವಿಚ್. ಮರುವರ್ಷ ಪಾದುವದ ವಿದ್ವಾಂಸ ಜೊವಾನ್ನಿ ಪೊಲೇನಿ ಅವರನ್ನೂ ಕರೆಸಲಾಯಿತು. ಪೊಲೇನಿ ಗುಮ್ಮಟವನ್ನು ಮನಸ್ಸಿನಲ್ಲಿಯೇ ಕಿತ್ತಳೆಯ ತೊಳೆಗಳಂತೆ ಐವತ್ತು ಹೋಳುಗಳಾಗಿ ಕೊಯ್ದರು. ಎದುರುಬದುರಿನ ಎರಡು ಹೋಳುಗಳು ಸೇರಿದರೆ ಒಂದು ಕಮಾನು. ಆ ಕಮಾನಿನ ಒಂದೊಂದು ಭಾಗದ ತೂಕಕ್ಕೆ ತಕ್ಕ ಪ್ರಮಾಣದ ಭಾರಗಳನ್ನು ದಾರವೊಂದಕ್ಕೆ ಪೋಣಿಸಿ ಅವರು ತೂಗುಬಿಟ್ಟರು. ದಾರ ಜೋತ ಆಕಾರವನ್ನು ತಲೆಕೆಳಗು ಮಾಡಿ ಗುಮ್ಮಟದ ಛೇದಚಿತ್ರದ ಮೇಲಿಟ್ಟರು. ಗೆರೆಯು ಗುಮ್ಮಟದ ದಪ್ಪದೊಳಗೇ ಉಳಿಯಿತು. ಗುಮ್ಮಟದ ಆಕಾರದಲ್ಲಿ ಕೇಡಿಲ್ಲ, ಅದನ್ನು ಕೆಡವಬೇಕಾಗಿಲ್ಲ, ಹೊರಕ್ಕೆ ಜಗ್ಗುವುದನ್ನು ತಡೆಯಲು ಕಬ್ಬಿಣದ ಬಳೆ ತೊಡಿಸಿದರೆ ಸಾಕು ಎಂಬ ನಿರ್ಧಾರಕ್ಕೆ ಅದು ಬಲ ನೀಡಿತು. ಮೊದಲು ಐದು ಬಳೆಗಳನ್ನು, 1748ರಲ್ಲಿ ಆರನೆಯದನ್ನು ತೊಡಿಸಲಾಯಿತು. ಗುಮ್ಮಟ ಇಂದಿಗೂ ನಿಂತಿದೆ.

ಅಂದು ಮರದಲ್ಲಿ, ಕಾಗದದಲ್ಲಿ ತಿಂಗಳುಗಟ್ಟಲೆ ಮಾಡಿದ್ದನ್ನು ಇಂದು ಕಂಪ್ಯೂಟರು ಕ್ಷಣದಲ್ಲಿ ಮಾಡುತ್ತದೆ. ಸ್ಕೆಚ್‌ಅಪ್ ಎಂಬ ತಂತ್ರಾಂಶದಲ್ಲಿ ಮಾದರಿಯ ನಡುವೆ ಗಾಜಿನ ಹಲಗೆಯಂತಹ ಒಂದು ತಲವನ್ನು ನಿಲ್ಲಿಸುತ್ತಾರೆ. ಹಲಗೆಯ ಒಂದು ಬದಿಯಲ್ಲಿರುವುದು ಮರೆಯಾಗುತ್ತದೆ. ಹಲಗೆಯನ್ನು ಹಿಂದೆ ಮುಂದೆ ಸರಿಸಿದಂತೆ ಕೊಯ್ತವೂ ಸರಿಯುತ್ತದೆ. ರೆವಿಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮಾದರಿಯ ಸುತ್ತ ಪೆಟ್ಟಿಗೆಯೊಂದನ್ನು ಇಟ್ಟು, ಅದರ ಆರು ಬದಿಗಳಲ್ಲಿ ಬೇಕಾದದ್ದನ್ನು ಒಳಕ್ಕೆ ತಳ್ಳಿ, ಬೇಕೆನಿಸಿದ ಮೂಲೆಯನ್ನಷ್ಟೇ ತೆರೆದು ನೋಡಬಹುದು. ಎರಡರಲ್ಲೂ ಯಾವುದೂ ನಾಶವಾಗುವುದಿಲ್ಲ. ಮರೆಯಾದದ್ದನ್ನು ಮತ್ತೆ ಬರಮಾಡಬಹುದು.

ನಿಂತಿರುವ ಕಟ್ಟಡವನ್ನೂ ಹೀಗೆ ನೋಡಬಹುದು. ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯವನ್ನು ಕಲಾ ಇತಿಹಾಸಕಾರ ಆಂಡ್ರೂ ಟಾಲನ್ 2010ರಲ್ಲಿ ಲೇಸರ್ ಕಿರಣಗಳಿಂದ ಅಳೆದು, ನೂರು ಕೋಟಿಗೂ ಮಿಕ್ಕ ಬಿಂದುಗಳಲ್ಲಿ ದಾಖಲಿಸಿದ್ದರು. 2019ರ ಏಪ್ರಿಲ್ 15ರಂದು ಬೆಂಕಿಯು ಛಾವಣಿಯನ್ನು ನುಂಗಿದಾಗ ಆ ಅಳತೆಗಳೂ ಪುನರ್ನಿರ್ಮಾಣದ ನೆರವಿಗೆ ಬಂದವು. 2024ರ ಡಿಸೆಂಬರಿನಲ್ಲಿ ದೇವಾಲಯ ಮತ್ತೆ ತೆರೆಯಿತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಮಾದರಿಯಲ್ಲಿ ಇಟ್ಟದ್ದನ್ನಷ್ಟೇ ಕೊಯ್ತ ತೋರಿಸುತ್ತದೆ. ಅಂದದ ಚಿತ್ರಕ್ಕೆಂದೇ ಮಾಡಿದ ಮಾದರಿಯನ್ನು ಸೀಳಿದರೆ ಗೋಡೆ ಟೊಳ್ಳು, ತೊಲೆ ಇಲ್ಲ, ಸ್ಲ್ಯಾಬಿಗೆ ದಪ್ಪವಿಲ್ಲ. ಅಂತಹ ಕೊಯ್ತವನ್ನು ನಂಬಿದರೆ ಕಾಗದದಲ್ಲಿ ತಪ್ಪಿದ ತೊಲೆಯು ಮನೆಯಲ್ಲಿ ಹಣೆಗೆ ತಾಗುತ್ತದೆ.

ಆದುದರಿಂದ ದೇವಾಲಯವಿರಲಿ, ಮನೆಯಿರಲಿ, ಕಟ್ಟಲು ಹೊರಟ ಕುಟುಂಬಗಳು ಎಂಜಿನಿಯರರಲ್ಲಿ ಎರಡು ಕೊಯ್ತಗಳನ್ನಾದರೂ ಕೇಳಿ ಪಡೆಯಬೇಕು: ಒಂದು ಉದ್ದಕ್ಕೆ, ಒಂದು ಮೆಟ್ಟಿಲಿನ ಮೂಲಕ. ತೊಲೆ, ಸ್ಲ್ಯಾಬುಗಳ ನಿಜವಾದ ಅಳತೆ ಇದರಲ್ಲಿ ಸೇರಿದೆಯೇ? ಮೆಟ್ಟಿಲೇರುವಾಗ ಎತ್ತರದ ವ್ಯಕ್ತಿ ತಲೆ ತಗ್ಗಿಸಬೇಕೇ? ಸಜ್ಜಾದ ಕೆಳಗಿನಿಂದ ಬೆಳಕು ಎಷ್ಟು ಒಳಗೆ ಬರುತ್ತದೆ? ಬಚ್ಚಲಿನ ನೀರು ಹೊರಗಿನ ಚೇಂಬರಿಗೆ ಇಳಿಜಾರಿನಲ್ಲಿ ಹರಿಯುತ್ತದೆಯೇ? ಇವು ಕೇಳಲು ನಾಚಬೇಕಾದ ಪ್ರಶ್ನೆಗಳಲ್ಲ. ಇಡೀ ಬದುಕಿನ ಉಳಿತಾಯವನ್ನು ಸುರಿಯುವವರಿಗೆ ಇವನ್ನು ಕೇಳುವ ಹಕ್ಕಿದೆ.

ಎರಡು ವಾರಗಳ ನಂತರ ಅದೇ ಸಭಾಂಗಣದಲ್ಲಿ ಎಂಜಿನಿಯರರು ತಿದ್ದಿದ ಮಾದರಿಯನ್ನು ತಂದರು. ಮೋಟುಗೋಡೆಯನ್ನು ತಗ್ಗಿಸಿದರೆ ಮಕ್ಕಳಿಗೆ ಅಪಾಯವೆಂದು, ಬಾಲ್ಕನಿಯ ನೆಲವನ್ನೇ ಮೆಟ್ಟಿಲುಮೆಟ್ಟಿಲಾಗಿ ಏರಿಸಿದ್ದರು. ಹಾಗೆ ಏರಿಸಿದಾಗ ಕೊನೆಯ ಸಾಲಿನವರ ತಲೆ ಫ್ಯಾನಿನ ಸಮೀಪಕ್ಕೆ ಬರುವುದೂ ಕೊಯ್ತದಲ್ಲಿಯೇ ತಿಳಿದು, ಆ ಒಂದು ಸಾಲನ್ನು ಕೈಬಿಟ್ಟಿದ್ದರು. ಆಸನಗಳು ಕಡಿಮೆಯಾದವೆಂದು ಕೆಲವರು ಗೊಣಗಿದರು. ಹಿರಿಯ ತಾಯಿ ಮಾತ್ರ ಪರದೆಯ ಹತ್ತಿರ ಹೋಗಿ, ಕಣ್ಣಿನಿಂದ ಬಲಿಪೀಠದವರೆಗೆ ಎಳೆದಿದ್ದ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿ, ಸಮಾಧಾನದಿಂದ ತಲೆಯಾಡಿಸಿದರು. ಅಡಿಗಲ್ಲು ಇನ್ನೂ ಬಿದ್ದಿರಲಿಲ್ಲ; ತಿದ್ದುಪಡಿಗೆ ಒಂದು ಮೂಟೆ ಸಿಮೆಂಟೂ ವ್ಯರ್ಥವಾಗಲಿಲ್ಲ.