ಬೆಲ್ಟ್ ಮೇಲೆ ಬೆಲ್ಟ್ ತಿನ್ನುವ ಗಾಡಿ

ಮೆಣಸಿನಕಾಯಿ ಸುಗ್ಗಿ ಶುರುವಾದರೆ ಸಂಶಿಯ ಗೂಡ್ಸ್ ಗಾಡಿಗಳಿಗೆ ಪುರುಸೊತ್ತಿಲ್ಲ. ಒಂದು ದಿನ ಬ್ಯಾಡಗಿ ಪೇಟೆ, ಮರುದಿನ ಹುಬ್ಬಳ್ಳಿಯ ಅಮರಗೋಳ. ಬೆಲ್ಟ್ ಹರಿಯುವುದೂ ಸರಿಯಾಗಿ ಇಂಥ ಹೊತ್ತಿನಲ್ಲೇ. ಹೊಸದು ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಅದರ ಅಂಚೂ ಎಳೆ ಬಿಡುತ್ತದೆ. ಬೆಲ್ಟ್ ಮಾಡಿದವರನ್ನು ಬೈದದ್ದಾಯಿತು, ಆಲ್ಟರ್ನೇಟರ್ ಬೇರಿಂಗ್ ಬದಲಿಸಿದ್ದಾಯಿತು, ಕೊನೆಗೆ ‘ಎಂಜಿನ್ ಬಿಚ್ಚಬೇಕಾಗ್ತೈತ್ರಿ’ ಎಂಬ ಮಾತೂ ಬಂತು. ಇಷ್ಟೆಲ್ಲದರ ನಡುವೆ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಎಂಜಿನ್ನಿನ ಮುಂದುಗಡೆ, ತೀರಾ ಕೆಳಗೆ, ಎರಿಮಣ್ಣು ಮೆತ್ತಿಕೊಂಡು ತಿರುಗುವ ಕ್ರ್ಯಾಂಕ್ ಪುಲ್ಲಿ.

ನೋಡಲು ಅದು ಒಂದೇ ಕಬ್ಬಿಣದ ಗಟ್ಟಿಯಂತೆ ಕಾಣುತ್ತದೆ. ಆದರೆ ಹಲವು ಗಾಡಿಗಳಲ್ಲಿ ಅದು ಎರಡು ತುಂಡು. ಕ್ರ್ಯಾಂಕಿಗೆ ಕೂತ ಒಳಗಿನ ಹಬ್ ಒಂದು, ಬೆಲ್ಟ್ ಓಡುವ ಹೊರಗಿನ ತೂಕದ ರಿಂಗ್ ಇನ್ನೊಂದು, ನಡುವೆ ಬಿಗಿಯಾಗಿ ತುರುಕಿದ ರಬ್ಬರಿನ ಪಟ್ಟಿ. ಹಾರ್ಮೋನಿಕ್ ಬ್ಯಾಲೆನ್ಸರ್ ಎನ್ನುವುದು ಇದನ್ನೇ. ಅಂಗಡಿಯಲ್ಲಿ ಡ್ಯಾಂಪರ್ ಪುಲ್ಲಿ ಎಂದರೆ ಕೊಡುತ್ತಾರೆ.

ರಬ್ಬರಿಗೆ ಅಲ್ಲೇನು ಕೆಲಸ? ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ 4,000 ಸಲ ಒಳಗೆ ಇಂಧನ ಸಿಡಿಯುತ್ತದೆ. ಪ್ರತಿ ಸಿಡಿತಕ್ಕೂ ಕ್ರ್ಯಾಂಕ್ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಪಂಚಮಿ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಮೇಲೆ ಮೇಲೆ ಏರುತ್ತದಲ್ಲ, ಹಾಗೆ ಕೆಲವು ವೇಗಗಳಲ್ಲಿ ಈ ತಿರುಚೂ ಬೆಳೆಯುತ್ತದೆ. ಹೊರಗಿನ ರಿಂಗ್ ಒಂದು ಕ್ಷಣ ಹಿಂದುಳಿದು ಎಳೆಯುತ್ತದೆ, ರಬ್ಬರು ಆ ನಡುಕವನ್ನು ಶಾಖವಾಗಿಸಿ ನುಂಗುತ್ತದೆ. ಕ್ರ್ಯಾಂಕ್ ಉದ್ದವಾದಷ್ಟೂ ಕಾಟ ಹೆಚ್ಚು. ಆರು ಸಿಲಿಂಡರಿನ ಕಾರುಗಳು ಬಂದ ಕಾಲದಲ್ಲಿ ಕ್ರ್ಯಾಂಕುಗಳು ಮುರಿಯತೊಡಗಿದಾಗಲೇ ಇದಕ್ಕೊಂದು ಉಪಾಯ ಬೇಕಾಯಿತು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1910ರಲ್ಲಿ ತನ್ನ ಡ್ಯಾಂಪರಿಗೆ ಪೇಟೆಂಟ್ ಪಡೆದ. ಎರಡು, ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರಿನ ಕ್ರ್ಯಾಂಕ್ ಗಿಡ್ಡ, ಗಟ್ಟಿ. ಅಂಥವುಗಳಲ್ಲಿ ಬಹಳಷ್ಟಕ್ಕೆ ಬರಿಯ ಎರಕದ ಪುಲ್ಲಿಯೇ ಸಾಕು, ರಬ್ಬರಿನ ಗೊಡವೆ ಇಲ್ಲ. ದೊಡ್ಡ ಆರು ಸಿಲಿಂಡರ್ ಡೀಸೆಲ್ ಎಂಜಿನ್ನುಗಳಲ್ಲಿ ರಬ್ಬರಿನ ಬದಲು ದಪ್ಪ ಸಿಲಿಕೋನ್ ದ್ರವ ತುಂಬಿ ಮುಚ್ಚಿದ ಡಬ್ಬಿಯಂಥ ಡ್ಯಾಂಪರ್ ಇರುವುದುಂಟು. ಅದರ ಮೈಗೆ ಒಂದು ತಗ್ಗು ಬಿದ್ದರೂ ಒಳಗಿನ ರಿಂಗ್ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಸುತ್ತಿಗೆ ತಾಗಿಸುವುದಿರಲಿ, ಅದರ ಮೇಲೆ ಕಾಲಿಟ್ಟು ಎಂಜಿನ್ ಹತ್ತುವುದೂ ತಪ್ಪೇ.

ರಬ್ಬರಿಗೆ ವಯಸ್ಸಾಗುತ್ತದೆ. ಎಂಜಿನ್ ಶಾಖಕ್ಕೆ ಒಣಗಿ ಸೀಳುತ್ತದೆ, ಮುಂದಿನ ಆಯಿಲ್ ಸೀಲ್ ಸೋರಿದರೆ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲದ ಎರಿಕೆಸರು ಪುಲ್ಲಿಯ ತೋಡಿನಲ್ಲಿ ಸೇರಿ ಒಣಗಿದರೆ ಬೆಲ್ಟೂ ಹಾಳು, ಸೀಳೂ ಕಾಣದು. ಹಾಗಾಗಿ ಮೊದಲ ಕೆಲಸ ತೊಳೆಯುವುದು. ಎಂಜಿನ್ ನಿಲ್ಲಿಸಿ, ಕೀಲಿ ಕಿಸೆಯಲ್ಲಿಟ್ಟುಕೊಂಡು, ಟಾರ್ಚ್ ಹಿಡಿದು ನೋಡಬೇಕು: ರಬ್ಬರು ಹೊರಚಾಚಿದೆಯೇ, ಚೂರುಚೂರಾಗಿ ಉದುರುತ್ತಿದೆಯೇ, ರಿಂಗ್ ಹಬ್‌ಗಿಂತ ಹಿಂದೆ ಮುಂದೆ ಸರಿದಿದೆಯೇ. ಆಮೇಲೆ ಹಬ್ಬಿನಿಂದ ರಬ್ಬರು ದಾಟಿ ರಿಂಗಿನವರೆಗೆ ಬಿಳಿ ಪೇಂಟಿನಿಂದ ಒಂದು ನೇರ ಗೆರೆ ಎಳೆಯಿರಿ. ಎರಡು ದಿನ ಲೋಡಿನಲ್ಲಿ ಓಡಿಸಿ ಮತ್ತೆ ನೋಡಿ. ಗೆರೆ ಎರಡು ತುಂಡಾಗಿ ಒಂದು ಕಡೆ ಜರುಗಿದ್ದರೆ ರಿಂಗ್ ಜಾರುತ್ತಿದೆ ಎಂದೇ ಅರ್ಥ. ಇದಕ್ಕಿಂತ ಅಗ್ಗದ ಪರೀಕ್ಷೆ ನನಗಂತೂ ಗೊತ್ತಿಲ್ಲ.

ರಿಂಗ್ ಜಾರಿದರೆ ಬೆಲ್ಟಿನ ಓಟವೂ ಕುಂಟುತ್ತದೆ. ಬ್ಯಾಟರಿ ಸರಿಯಾಗಿ ಚಾರ್ಜ್ ಆಗದು, ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಕಾಯುತ್ತದೆ. ರಿಂಗ್ ಸರಿಯಿದ್ದು ಹಬ್ಬೇ ಸಡಿಲಾಗಿ, ಅದನ್ನು ಕ್ರ್ಯಾಂಕಿನ ಮೇಲೆ ಜಾರದಂತೆ ಹಿಡಿಯುವ ಕೀ ಸವೆದಿದ್ದರೆ ಕಟಕಟ ಸದ್ದು. ಈ ಸದ್ದು ಬೇರಿಂಗ್ ಹೋದ ಸದ್ದನ್ನೇ ಹೋಲುವುದರಿಂದ ಸುಮ್ಮನೆ ಎಂಜಿನ್ ಬಿಚ್ಚಿಸುವ ಪ್ರಸಂಗ ಬರುತ್ತದೆ. ತಣ್ಣಗಿರುವ ಎಂಜಿನ್ನಿನ ಬೆಲ್ಟ್ ತೆಗೆದು, ನಿಂತಲ್ಲೇ ಅರ್ಧ ನಿಮಿಷದೊಳಗೆ ಚಾಲೂ ಮಾಡಿ ನಿಲ್ಲಿಸಿದರೆ ಅಷ್ಟಿಷ್ಟು ತಿಳಿಯುತ್ತದೆ: ಸದ್ದು ಹೋದರೆ ಆಲ್ಟರ್ನೇಟರ್, ಪಂಪಿನ ಕಡೆ ನೋಡಿ, ಉಳಿದರೆ ಕ್ರ್ಯಾಂಕಿನ ಕಡೆ. ಬಗ್ಗಿ ನೋಡುವ ಮುಂಚೆ ಹೆಗಲ ಮೇಲಿನ ಟವೆಲ್ ತೆಗೆದಿಡುವುದು ಒಳ್ಳೆಯದು.

ಬದಲಿಸುವ ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಬ್ಯಾಟರಿ ವಾಯರ್ ತೆಗೆದು, ಫ್ಲೈವೀಲ್ ಲಾಕ್ ಮಾಡಿ ನಡುವಿನ ದೊಡ್ಡ ಬೋಲ್ಟ್ ಬಿಚ್ಚಬೇಕು. ಕೆಲವು ಎಂಜಿನ್ನುಗಳಲ್ಲಿ ಕೀ ಇರುವುದಿಲ್ಲ, ಆ ಬೋಲ್ಟಿನ ಬಿಗಿತವೇ ಟೈಮಿಂಗ್ ಗಿಯರನ್ನೂ ಹಿಡಿದಿರುತ್ತದೆ. ಅಂಥಲ್ಲಿ ಟೈಮಿಂಗ್ ಲಾಕ್ ಹಾಕದೆ ಕೈ ಹಚ್ಚಲೇಬಾರದು. ಪುಲ್ಲರನ್ನು ಹಬ್ಬಿನ ಚೂಡಿಯ ತೂತುಗಳಿಗೆ ಕೂಡಿಸಿ ಎಳೆಯಬೇಕು. ಹೊರಗಿನ ರಿಂಗಿಗೆ ಕೊಕ್ಕೆ ಹಾಕಿ ಜಗ್ಗಿದರೆ ಹಬ್ ಅಲ್ಲೇ ಉಳಿದು ರಿಂಗ್ ಮಾತ್ರ ಕೈಗೆ ಬರುತ್ತದೆ. ಪುಲ್ಲಿ ಹೊರಬಂದ ಮೇಲೆ ಆಯಿಲ್ ಸೀಲ್ ಕೂರುವ ಜಾಗದಲ್ಲಿ ಉಗುರು ಆಡಿಸಿ. ಗೆರೆ ತಾಗಿದರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ಹೊಸ ಪುಲ್ಲಿಯನ್ನು ಬಡಿದು ಕೂಡಿಸಬೇಡಿ, ಹೊಡೆತ ನೇರ ಕ್ರ್ಯಾಂಕಿಗೆ ಹೋಗುತ್ತದೆ. ಕಂಪನಿ ಪುಸ್ತಕದಲ್ಲಿ ಹೇಳಿದ ಟಾರ್ಕಿಗೇ ಬೋಲ್ಟ್ ಬಿಗಿಯಬೇಕು. ಹೊಸ ಬೋಲ್ಟ್ ಹಾಕಲು ಹೇಳಿದ್ದರೆ ಹಳೆಯದರ ಆಸೆ ಬಿಡಬೇಕು.

ಜಾರುವ ರಿಂಗನ್ನು ಹಬ್ಬಿಗೆ ನಾಲ್ಕು ಕಡೆ ವೆಲ್ಡ್ ಹೊಡೆಸಿಬಿಟ್ಟರೆ ಮುಗಿಯಿತಲ್ಲ ಎನ್ನಿಸುವುದು ಸಹಜ. ಬೆಲ್ಟ್ ನೆಟ್ಟಗೆ ಓಡುತ್ತದೆ, ಸದ್ದೂ ಹೋಗುತ್ತದೆ, ಹುಬ್ಬಳ್ಳಿಗೆ ಹೋಗುವ ಖರ್ಚೂ ಉಳಿಯುತ್ತದೆ. ಆದರೆ ಅಲ್ಲಿಗೆ ರಬ್ಬರಿನ ಕೆಲಸ ನಿಂತಿತು, ನಡುಕವೆಲ್ಲ ಕ್ರ್ಯಾಂಕಿನ ಪಾಲಾಯಿತು. ಕ್ರ್ಯಾಂಕಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಬೆಳೆದು, ಮುಂದೊಂದು ದಿನ ಲೋಡಿನಲ್ಲಿ ಏರು ಹತ್ತುವಾಗ ಮುರಿದರೆ ಆ ವೆಲ್ಡ್ ಯಾರಿಗೂ ನೆನಪಿರುವುದಿಲ್ಲ. ಸಂಶಿಯಿಂದ ರೈಲು ಹತ್ತಿ ಕುಂದಗೋಳ ದಾಟಿದರೆ ಹುಬ್ಬಳ್ಳಿ. ಹಳೆಯ ಪುಲ್ಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋಡುಗಳ ಸಂಖ್ಯೆ, ಅಗಲ, ಎಂಜಿನ್ ನಂಬರ್ ಹೊಂದಿಸಿ ಹೊಸದು ತರುವುದು ಒಂದು ದಿನದ ಕೆಲಸ. ಗುಜರಿಯ ಪುಲ್ಲಿ ಬೇಡ, ಕರಿ ಪೇಂಟಿನ ಕೆಳಗೆ ರಬ್ಬರು ಎಷ್ಟು ಹಳೆಯದೆಂದು ತಿಳಿಯುವುದಿಲ್ಲ. ನಿಮ್ಮ ಹಳೆಯದನ್ನು ಗುಜರಿಗೆ ಹಾಕುವ ಮುಂಚೆಯೂ ಗ್ರೈಂಡರಿನಿಂದ ರಿಂಗಿಗೆ ಒಂದು ಕೊಯ್ತ ಕೊಡಿಸಿ. ಇಲ್ಲವಾದರೆ ಅದೇ ಪೇಂಟ್ ಬಳಿದುಕೊಂಡು ಇನ್ನೊಬ್ಬರ ಗಾಡಿಗೆ ಹೋದೀತು.